ತಾರಸಿಯ ಬದನೆಗೆ ಯಾರ ನೀರು?

ಮಂಡ್ಯ ಕಡೆಯವರಿಗೆ ಬಿತ್ತನೆಯ ಯೋಚನೆ ಬರುವುದು ಯುಗಾದಿ ಕಳೆದು ಒಂದೆರಡು ಮಳೆ ಬಿದ್ದ ಮೇಲೆ. ಚೆನ್ನೈಯ ಲೆಕ್ಕವೇ ಬೇರೆ. ಇಲ್ಲಿ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅದು ಮುಗಿದು ಪೊಂಗಲ್ ಬಂದಾಗ, ತೈ ತಿಂಗಳಲ್ಲೇ ಬೀಜ ಹಾಕಿಬಿಡಬೇಕು. ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದ ನಾನು ಇಷ್ಟು ಕಲಿಯುವುದಕ್ಕೆ ಎರಡು ವರ್ಷದ ಗಿಡಗಳನ್ನು ಬಿಸಿಲಿಗೆ ಕೊಟ್ಟೆ.

ಈ ಜನವರಿಯಲ್ಲೂ ತಾರಸಿಯ ಹಳೆಯ ಚೀಲಗಳ ಮಣ್ಣನ್ನು ಟಾರ್ಪಾಲಿನ ಮೇಲೆ ಸುರಿದೆ. ಮಳೆಗೆ ಸಿಕ್ಕಿದ ಮಣ್ಣು ಗಟ್ಟಿಯಾಗಿ, ಸಾರವೆಲ್ಲ ತೊಳೆದುಹೋಗಿರುತ್ತದೆ. ಬೇರು ಆರಿಸಿ, ಒಣಗಿಸಿ, ಎರೆಗೊಬ್ಬರ, ತೇವ ಹಿಡಿದಿಡುವ ತೆಂಗಿನ ನಾರಿನ ಪುಡಿ, ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ ಬೆರೆಸುತ್ತೇನೆ. ರಾಸಾಯನಿಕ ಮುಟ್ಟುವುದಿಲ್ಲ ಅಂತ ಮೊದಲೆಲ್ಲ ಬಹಳ ಹೆಮ್ಮೆ ಇತ್ತು. ಸಾವಯವ ಅಂದರೆ ಯಾರಿಗೂ ಕೇಡು ಮಾಡದೆ ಬೆಳೆಯುವುದು ಅಂದುಕೊಂಡಿದ್ದೆ.

2019ರ ಬೇಸಿಗೆಯಲ್ಲಿ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಜಲಾಶಯಗಳು ನಾಲ್ಕೂ ಬತ್ತಿದವು. ನಮ್ಮ ಕಟ್ಟಡಕ್ಕೆ ಟ್ಯಾಂಕರ್ ನೀರು, ಅದೂ ಬೆಳಿಗ್ಗೆ ಒಂದೇ ಗಂಟೆ. ನಾನು ಯಾರೂ ಏಳುವ ಮುಂಚೆ ಎರಡು ಬಕೆಟ್ ನೀರು ತಾರಸಿಗೆ ಹೊರುತ್ತಿದ್ದೆ. ಒಂದು ದಿನ ಮೆಟ್ಟಿಲಲ್ಲಿ ವಾಚ್‌ಮನ್ ಹೆಂಡತಿ ಎದುರಾದಳು, ಸೊಂಟದಲ್ಲಿ ಖಾಲಿ ಕೊಡ. ಅವರಿಗೆ ಬೀದಿಗೆ ಬರುವ ಲಾರಿ ನೀರೇ ಗತಿ. "ಚೆಡಿಕ್ಕಾ ಸಾರ್?" ಅಂದಳು. ಗಿಡಕ್ಕಾ, ಅಂತ. ದೂರುವ ದನಿಯಲ್ಲ, ಸುಮ್ಮನೆ ಕೇಳಿದ್ದು. "ಆಮಾ" ಅಂದು ನಾನು ಮೇಲಕ್ಕೆ ಹೋದೆ. ಬಕೆಟ್ ಇಳಿಸಿ ಆ ಕೊಡಕ್ಕೆ ಬಗ್ಗಿಸಲಿಲ್ಲ.

ಜುಲೈಯಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ಬಂತು, ಮೊದಲ ಗಾಡಿಯಲ್ಲಿ 25 ಲಕ್ಷ ಲೀಟರ್. ಅದು ಕಾವೇರಿ. 2004ರಿಂದ ವೀರಾಣಂ ಕೆರೆಯ ಕೊಳವೆಯಲ್ಲಿ ಈ ಊರಿಗೆ ಬರುತ್ತಿರುವುದೂ ಕಾವೇರಿಯೇ. ಊರಲ್ಲಿ ವಿಶ್ವೇಶ್ವರಯ್ಯ ನಾಲೆ ನಂಬಿ ಗದ್ದೆ ಮಾಡುವ ಅಣ್ಣನಿಗೆ ಫೋನಿನಲ್ಲಿ ಇದನ್ನು ಹೇಳಿದೆ. "ಏನ್ಲಾ, ನಾವಿಲ್ಲಿ ನಾಲೆಗೆ ಯಾವಾಗ ಬಿಡ್ತಾರೋ ಅಂತ ಕಾಯ್ತಾ ಕುಂತಿದೀವಿ, ನೀನಲ್ಲಿ ನಮ್ ನೀರಲ್ಲಿ ಬದನೆಕಾಯಿ ಬೆಳ್ಕೊತಾ ಇದೀಯಾ" ಅಂದ. ತಮಾಷೆಯೇ, ಆದರೆ ಪೂರ್ತಿ ತಮಾಷೆಯಲ್ಲ.

ಅಣ್ಣನಿಗೆ ಹೇಳಲು ಉತ್ತರವಿದೆ. 2018ರಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿಗೆ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ಅಂತ ಬರೆದುಕೊಟ್ಟಿದೆ, ನನ್ನ ಬಕೆಟ್ ಅದರೊಳಗಿನದು. ಮೆಟ್ಟಿಲ ಮೇಲಿನ ಪ್ರಶ್ನೆಗೆ ಯಾವ ಕೋರ್ಟೂ ಇಲ್ಲ. ಎರಡು ಬಕೆಟ್ ಏನು ಮಹಾ ಅನ್ನೋಣವೆಂದರೆ, ಲೆಡ್ಜರಿನಲ್ಲಿ ಒಂದು ರೂಪಾಯಿ ತಾಳೆಯಾಗದ್ದಕ್ಕೆ ರಾತ್ರಿ ಒಂಬತ್ತರವರೆಗೆ ಕೂತು ಎದ್ದವನು ನಾನು. ಅಂಗಡಿಯ ಬದನೆಯೂ ನೀರು ಕುಡಿದೇ ಬೆಳೆದದ್ದಲ್ಲವಾ ಅನ್ನುತ್ತಾಳೆ ನನ್ನಾಕೆ. ನಿಜ. ಆ ಹೊಲದ ಬದುವಿನಲ್ಲೂ ಯಾರೋ ಖಾಲಿ ಕೊಡ ಹಿಡಿದು ನಿಂತಿರಬಹುದು, ನಾನು ನೋಡಿಲ್ಲ ಅಷ್ಟೆ. ನೋಡಿದ್ದಕ್ಕೆ ಮಾತ್ರ ನಾನು ಹೊಣೆಯೇ? ಇದು ನನಗಿನ್ನೂ ಬಗೆಹರಿದಿಲ್ಲ.

ಈ ಸಲ ಇಪ್ಪತ್ತು ಚೀಲ ಬಿಟ್ಟು ಎಂಟೇ ತುಂಬಿಸಿದೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದು ವಾರ ಅಳೆದು ನೋಡಿದ್ದೆ, ದಿನಕ್ಕೆ ಆರು ಲೀಟರ್ ಆಗುತ್ತದೆ. ಬಿಸಿಲು ಏರುವ ಮೊದಲೇ ಮುಗಿಯುವ ಸೊಪ್ಪು, ಬೆಂಡೆ ಜಾಸ್ತಿ, ಬದನೆ ಎರಡೇ.

ಫೆಬ್ರವರಿಯಲ್ಲಿ ಬದನೆ ಸಸಿ ನಾಲ್ಕು ಮಿಕ್ಕಿತು. ಕೆಳಗೆ ಹೋಗಿ ವಾಚ್‌ಮನ್ ಹೆಂಡತಿಗೆ ಕೊಟ್ಟೆ, ಬಾಗಿಲ ಬಳಿ ಡಬ್ಬದಲ್ಲಿ ನೆಡು ಅಂದೆ. ಸಸಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ತಣ್ಣಿ, ಸಾರ್?" ಅಂದಳು.