ನಿಲ್ದಾಣದ ನೆಲದ ಮೇಲೆ ಒಂದು ರಾತ್ರಿ



ನಮ್ಮ ಚಿಕ್ಕಬಳ್ಳಾಪುರದ ಸ್ಕಂದಗಿರಿಯನ್ನು ಯುವಜನರು ನಸುಕಿನಲ್ಲೇ ಹತ್ತುತ್ತಾರೆ. ಮೋಡಗಳ ಮೇಲೆ ಸೂರ್ಯ ಮೂಡುವುದನ್ನು ಕಾಣಲು ಚಳಿಯಲ್ಲಿ ಕಾಯುತ್ತಾರೆ. ತಾವಾಗಿ ಬಯಸಿ ಕಾಯುವುದರಿಂದ ಅದರಲ್ಲಿ ಸಂತೋಷವಿದೆ. ಆದರೆ 2025ರ ಡಿಸೆಂಬರ್ ಮೊದಲ ವಾರ, ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಜನರು ಬೇರೊಂದು ಬಗೆಯಲ್ಲಿ ಬೆಳಗಿಗಾಗಿ ಕಾದರು. ಆ 5ರಂದು ಒಂದೇ ದಿನ ದೇಶದಲ್ಲಿ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಮದುವೆಗೆ ಹೊರಟವರು, ಸಾವಿನ ಮನೆಗೆ ಹೊರಟವರು, ಕೂಸನ್ನೆತ್ತಿಕೊಂಡ ತಾಯಂದಿರು ಪೆಟ್ಟಿಗೆಯನ್ನೇ ದಿಂಬಾಗಿಸಿಕೊಂಡು ನೆಲದ ಮೇಲೆ ಮಲಗಿದರು. ಕಲ್ಲನ್ನು ತಲೆದಿಂಬಾಗಿಸಿಕೊಂಡು ಮಲಗಿದ ಯಕೋಬನ ನೆನಪಾಗುತ್ತದೆ (ಆದಿಕಾಂಡ 28).

ಇದಕ್ಕೆ ಕಾರಣವೇನು? ವಿಮಾನ ಚಾಲಕರ ಆಯಾಸ ತಗ್ಗಿಸಲೆಂದು 2025ರಲ್ಲಿ ಎರಡು ಹಂತಗಳಲ್ಲಿ ಹೊಸ ನಿಯಮಗಳು ಜಾರಿಗೆ ಬಂದವು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿಯ ಹಾರಾಟಕ್ಕೆ ಮಿತಿ ಬಂತು. ಅದಕ್ಕೆ ತಕ್ಕಂತೆ ಚಾಲಕರನ್ನು ಹೊಂದಿಸಿಕೊಳ್ಳುವ ಏರ್ಪಾಡು ಮಾತ್ರ ಸಾಲದೆ ಹೋಯಿತು. ಕೊನೆಗೆ ಆ ನಿಯಮಗಳಲ್ಲಿ ಕೆಲವನ್ನು ತಾತ್ಕಾಲಿಕವಾಗಿ ಸಡಿಲಿಸಬೇಕಾಯಿತು.

ಇಲ್ಲಿ ನಾವು ತುಸು ನಿಂತು ಯೋಚಿಸಬೇಕು. ದೇವರು ಸಬ್ಬತ್ ದಿನವನ್ನು ಯಜಮಾನನಿಗೆ ಮಾತ್ರ ಕೊಡಲಿಲ್ಲ. ಮನೆಯ ಆಳಿಗೆ, ಊರಿಗೆ ಬಂದ ಪರದೇಶಿಗೆ, ದುಡಿಯುವ ಎತ್ತಿಗೂ ಕೊಟ್ಟರು (ಧರ್ಮೋಪದೇಶಕಾಂಡ 5). ವಿಮಾನ ನಡೆಸುವವನ ನಿದ್ದೆಗೂ ನಮ್ಮ ಪ್ರಾಣಕ್ಕೂ ಸಂಬಂಧವಿದೆ. ಆದರೂ ನಮ್ಮ ಪ್ರಯಾಣ ತಪ್ಪಿದೊಡನೆ, ‘ಅವನಿಗೇಕೆ ಅಷ್ಟು ವಿಶ್ರಾಂತಿ?’ ಎಂದು ಕೇಳಲು ನಾಲಿಗೆ ತುಡಿಯುತ್ತದೆ.

ನಿಲ್ದಾಣದಲ್ಲಿ ಸ್ವಚ್ಛತೆಯ ಕೆಲಸ ಮಾಡುವ ಯುವಕನೊಬ್ಬ ಭಾನುವಾರದ ಪೂಜೆಯ ನಂತರ ನನ್ನ ಬಳಿ ನಿಂತ. “ಫಾದರ್, ಮಲಗಿದ್ದವರನ್ನು ಎಬ್ಬಿಸಿ ನೆಲ ಒರೆಸಿದೆ. ಒಬ್ಬ ಅಜ್ಜಿ ಆಗಷ್ಟೇ ಕಣ್ಣು ಮುಚ್ಚಿದ್ದರು. ಪಾಪ ಆಯ್ತಾ?” ಎಂದ. “ಆಮೇಲೆ ಏನು ಮಾಡಿದೆಯಪ್ಪ?” ಎಂದೆ. “ಒಣಗಿದ ಮೇಲೆ ಅವರ ಚೀಲ ಎತ್ತಿಟ್ಟು ಗೋಡೆ ಪಕ್ಕ ಜಾಗ ಮಾಡಿಕೊಟ್ಟೆ. ಕುಡಿಯಲು ನೀರು ತಂದುಕೊಟ್ಟೆ” ಎಂದ. ಎರಡು ಪಾಳಿ ಸೇರಿಸಿ ದುಡಿದು ಅವನ ಕಣ್ಣು ಕೆಂಪಾಗಿತ್ತು. ಮಲಗಲು ಅವನಿಗೆ ನೆಲವೂ ಸಿಕ್ಕಿರಲಿಲ್ಲ. ಪಾಪ ಅವನದಲ್ಲವೆಂದು ಹೇಳಿ ಕಳುಹಿಸಿದೆ. ಅವನು ಹೋದ ಮೇಲೆ, ಹಿಂದೊಮ್ಮೆ ಬಸ್ಸು ತಪ್ಪಿದಾಗ ನಾನೇ ಕಂಡಕ್ಟರನ ಮೇಲೆ ರೇಗಿದ್ದು ನೆನಪಾಗಿ ನಾಚಿಕೆಯಾಯಿತು.

ನಮ್ಮ ಹಕ್ಕನ್ನು ಕೇಳುವುದು ತಪ್ಪಲ್ಲ. ವಿಮಾನ ರದ್ದಾದರೆ ಹಣ ಹಿಂದಿರುಗಿಸಬೇಕೆಂಬ ನಿಯಮವಿದೆ. ಬಹಳ ತಡವಾದರೆ ಊಟ, ತಂಗಲು ಕೊಠಡಿ ಕೊಡಬೇಕೆಂಬ ನಿಯಮವೂ ಇದೆ. ಅವನ್ನು ಕೇಳಿ ಪಡೆಯೋಣ. ಆದರೆ ಕೌಂಟರಿನ ಹಿಂದೆ ನಿಂತ ಹೆಣ್ಣುಮಗಳು ವಿಮಾನವನ್ನು ನಿಲ್ಲಿಸಿದವಳಲ್ಲ. ಅವಳನ್ನು ಬೈಯುವುದು ನ್ಯಾಯವಲ್ಲ.

ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರ್‌ರ ಹಬ್ಬ. 1541ರ ಏಪ್ರಿಲ್‌ನಲ್ಲಿ ಲಿಸ್ಬನ್ ಬಿಟ್ಟ ಅವರು ಗೋವಾ ಸೇರಿದ್ದು 1542ರ ಮೇ 6ರಂದು. ನಡುವೆ ಅನುಕೂಲದ ಗಾಳಿಗಾಗಿ ಮೊಜಾಂಬಿಕ್‌ನಲ್ಲಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಆ ದಿನಗಳನ್ನು ಅವರು ರೋಗಿಗಳ ಆರೈಕೆಯಲ್ಲಿ ಕಳೆದರು. ಕೊನೆಗೆ 1552ರಲ್ಲಿ, ಚೀನಾಕ್ಕೆ ಕರೆದೊಯ್ಯುವ ದೋಣಿಗಾಗಿ ಶಾಂಗ್‌ಚುವಾನ್ ದ್ವೀಪದಲ್ಲಿ ಕಾಯುತ್ತಲೇ ಪ್ರಾಣಬಿಟ್ಟರು. ಆ ದೋಣಿ ಬರಲಿಲ್ಲ. ಹಾಗೆಂದು ಅವರ ಪ್ರಯಾಣ ವ್ಯರ್ಥವಾಯಿತೆಂದು ಯಾರೂ ಹೇಳುವುದಿಲ್ಲ.

ಛತ್ರದಲ್ಲಿ ಸ್ಥಳವಿಲ್ಲದ ರಾತ್ರಿಯಲ್ಲೇ ನಮ್ಮ ಪ್ರಭು ಹುಟ್ಟಿದರು. ಪ್ರತಿ ಆಗಮನಕಾಲದಲ್ಲಿ ಮನೆಯಲ್ಲಿ ಗೋದಲಿ ಕಟ್ಟುವಾಗ ಮಕ್ಕಳಿಗೆ ಇದನ್ನು ಹೇಳಿಕೊಡಿ. ಮುಂದೆ ಬಸ್ ನಿಲ್ದಾಣದಲ್ಲೋ ಆಸ್ಪತ್ರೆಯ ಜಗಲಿಯಲ್ಲೋ ರಾತ್ರಿ ಕಳೆಯಬೇಕಾದರೆ, ಪಕ್ಕದಲ್ಲಿ ಮಲಗಿದವರಿಗೆ ಒಂದು ಹೊದಿಕೆ, ಒಂದು ಲೋಟ ನೀರು ಕೊಡಿ. ನಮಗಾಗಿ ಎಚ್ಚರವಿರುವವರಿಗೋಸ್ಕರ ಒಂದು ಜಪಸರ ಹೇಳಿ. ಕಾಯುವವರೆಲ್ಲರಿಗೂ ಯೇಸುಸ್ವಾಮಿ ಬೆಳಗನ್ನು ಕರುಣಿಸಲಿ.