ಮಾರ್ಮೊಸೆಟ್‌ನ ನೆಮ್ಮದಿಗೆ ಸಾಕ್ಷಿ ಯಾರು?

‘ಅವರ ಸ್ವಭಾವವೇ ಹಾಗೆ, ರಕ್ತದಲ್ಲೇ ಬಂದಿದೆ’ ಎಂಬ ಹಳೆಯ ಮಾತಿಗೆ ಈಗ ವಿಜ್ಞಾನದ ಮೊಹರು ಸಿಕ್ಕಿದೆ. ನೆಮ್ಮದಿ, ಮುಂಗೋಪ, ಅಂಜಿಕೆ ಎಲ್ಲಕ್ಕೂ ಜೀನ್ ಕಾರಣವಂತೆ. ಹೀಗೆಂದವರು ಮಾತನ್ನು ಅಲ್ಲಿಗೇ ಮುಗಿಸುತ್ತಾರೆ, ಎದುರಿಗಿರುವವರ ಕಷ್ಟಸುಖ ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಈ ಲೇಖಕಿಯನ್ನು ಕೆರಳಿಸುವುದು ಅದೇ.

ಎಲ್ಲವೂ ಹಣೆಬರಹ ಎಂಬ ವಾದವಾಗಲಿ, ಪ್ರಾಣಿ ಬರೀ ಯಂತ್ರವೆಂದ ಡೆಕಾರ್ಟ್‌ನ ಪರಂಪರೆಯಾಗಲಿ ಇಲ್ಲಿ ಹೆಚ್ಚು ದೂರ ಕರೆದೊಯ್ಯುವುದಿಲ್ಲ. ಎದುರಾಗಿ ನಿಂತು ವಾದಿಸಬೇಕಾದವರು ಅಮೆರಿಕದ ಮನೋವಿಜ್ಞಾನಿ ಡೇವಿಡ್ ಲಿಕ್ಕೆನ್. ಮಿನೆಸೋಟದ ಅವಳಿಗಳ ಮಾಹಿತಿ ಹಿಡಿದು 1996ರಲ್ಲಿ ಅವರೂ ಸಹೋದ್ಯೋಗಿ ಔಕೆ ಟೆಲ್ಲೆಗನ್ನರೂ ಒಂದು ಲೆಕ್ಕ ಮುಂದಿಟ್ಟರು: ಜನರ ನಡುವೆ ಸುಖದ ಸ್ಥಿರ ಮಟ್ಟದಲ್ಲಿ ಕಾಣುವ ವ್ಯತ್ಯಾಸಕ್ಕೆ ಶೇ 80ರ ಸಮೀಪ ಆನುವಂಶಿಕತೆಯೇ ಕಾರಣ. ಹೆಚ್ಚು ಸುಖಿಯಾಗಲು ಹೆಣಗುವುದು ಎತ್ತರ ಬೆಳೆಯಲು ಹೆಣಗಿದಷ್ಟೇ ವ್ಯರ್ಥವೆಂಬ ಅರ್ಥದ ತೀರ್ಮಾನವನ್ನೂ ಕೊಟ್ಟರು. ಆ ತೀರ್ಮಾನವನ್ನು ಲಿಕ್ಕೆನ್ ಮುಂದೆ ತಾವೇ ಹಿಂತೆಗೆದುಕೊಂಡರು. ಆದರೂ ಜನಪ್ರಿಯ ಮಾತುಕತೆಯಲ್ಲಿ ಉಳಿದದ್ದು ಮೊದಲಿನ ವಾಕ್ಯವೇ.

ಅದನ್ನು ಒರೆಗೆ ಹಚ್ಚಲು ಒಂದು ಪುಟ್ಟ ಕೋತಿ ಸಾಕು. ಈಶಾನ್ಯ ಬ್ರೆಜಿಲ್‌ನ ಮಾರ್ಮೊಸೆಟ್ ತೂಗುವುದು ಅರ್ಧ ಕಿಲೋಗೂ ಕಡಿಮೆ. ಕಿವಿಯ ಬದಿಗೆ ಬಿಳಿ ಕೂದಲಿನ ಕುಚ್ಚು. ಹಲ್ಲಿನಿಂದ ತೊಗಟೆ ಕೆತ್ತಿ ಅಂಟು ನೆಕ್ಕುತ್ತದೆ. ಹೆರುವುದು ಸಾಮಾನ್ಯವಾಗಿ ಅವಳಿ. ಮರಿಗಳನ್ನು ಅಪ್ಪನೂ ಅಕ್ಕ–ಅಣ್ಣಂದಿರೂ ಬೆನ್ನ ಮೇಲೆ ಹೊತ್ತು ಸಾಕುತ್ತಾರೆ. ಜಪಾನಿನ ರೈಕೆನ್ ಸಂಸ್ಥೆಯಲ್ಲಿದ್ದ 77 ಮಾರ್ಮೊಸೆಟ್‌ಗಳ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಆರೈಕೆಯ ಸಿಬ್ಬಂದಿ ಪ್ರಶ್ನಾವಳಿ ತುಂಬಿ ಒಂದೊಂದರ ಸ್ವಭಾವಕ್ಕೂ ನೆಮ್ಮದಿಗೂ ಅಂಕ ಕೊಟ್ಟರು. ಕೂದಲಿನಲ್ಲಿ ಕಾರ್ಟಿಸಾಲ್ ಹಾರ್ಮೋನು ಅಳೆದರು, ಮೂರು ಜೀನ್‌ಗಳನ್ನು ಪರೀಕ್ಷಿಸಿದರು. ಯಜಮಾನಿಕೆ, ಬೆರೆಯುವ ಗುಣ, ಕಳವಳ ಎಂಬ ಮೂರು ಸ್ವಭಾವಗಳು ಎದ್ದು ಕಂಡವು. ಬೆರೆಯುವವುಗಳಿಗೆ ನೆಮ್ಮದಿ ಹೆಚ್ಚು, ಕಳವಳದವುಗಳಿಗೆ ಕಡಿಮೆ.

ಸ್ವಭಾವವೂ ಕಾರ್ಟಿಸಾಲ್ ಮಟ್ಟವೂ ಆನುವಂಶಿಕವೆಂದೇ ಫಲಿತಾಂಶ ಹೇಳಿತು. ಇಷ್ಟನ್ನು ಲಿಕ್ಕೆನ್‌ಗೆ ಬಿಟ್ಟುಕೊಡಲೇಬೇಕು.

ಆದರೆ ಅವೆಲ್ಲ ಒಂದೇ ಕೇಂದ್ರದಲ್ಲಿ ಬದುಕಿದ ಪ್ರಾಣಿಗಳು. ಪರಿಸರ ಎಲ್ಲರಿಗೂ ಒಂದೇ ಥರ ಇದ್ದಷ್ಟೂ ಉಳಿಯುವ ವ್ಯತ್ಯಾಸದಲ್ಲಿ ಜೀನ್‌ನ ಪಾಲು ದೊಡ್ಡದಾಗಿ ಕಾಣುತ್ತದೆ. ಪರಿಸರ ಬದಲಾದರೆ ಏನಾಗುತ್ತದೆಂದು ಆ ಪಾಲು ಹೇಳಲಾರದು. ಈ ಲೇಖಕಿಯ ಸೋದರತ್ತೆಯನ್ನು ಮನೆಮಂದಿಯೆಲ್ಲ ಹುಟ್ಟಾ ಮುಂಗೋಪಿ ಎನ್ನುತ್ತಿದ್ದರು. ಕೂಡುಕುಟುಂಬ ಬಿಟ್ಟು, ಹೊಲಿಗೆ ಮೆಷಿನ್ನು ಇಟ್ಟುಕೊಂಡು ಸ್ವಂತ ದುಡಿಮೆ ಶುರುಮಾಡಿದ ಮೇಲೆ ಆ ಕೋಪ ಅರ್ಧಕ್ಕರ್ಧ ಇಳಿಯಿತು. ಉಳಿದರ್ಧ ಹಾಗೇ ಇತ್ತು, ಮಗಳಿಗೂ ಬಂದಿದೆ ಎನ್ನುವುದೂ ನಿಜ.

ಇನ್ನು ಯಾರ ಜೀನ್ ಎಂಬ ಪ್ರಶ್ನೆ. ಗರ್ಭದಲ್ಲಿ ಮಾರ್ಮೊಸೆಟ್ ಅವಳಿಗಳ ರಕ್ತನಾಳಗಳು ಕೂಡಿಕೊಂಡು, ರಕ್ತ ಹುಟ್ಟಿಸುವ ಕೋಶಗಳು ಅದಲುಬದಲಾಗುತ್ತವೆ. ಒಂದರ ರಕ್ತದಲ್ಲಿ ಇನ್ನೊಂದರ ಡಿಎನ್‌ಎ ಜೀವನವಿಡೀ ಉಳಿಯುತ್ತದೆ. ‘ರಕ್ತದಲ್ಲೇ ಬಂದಿದೆ’ ಎನ್ನುವವರು ಇಲ್ಲಿ ಯಾರ ರಕ್ತವೆಂದು ಹೇಳಬೇಕಾಗುತ್ತದೆ.

ಕೋತಿಯ ನೆಮ್ಮದಿಗೆ ಮನುಷ್ಯರು ಅಂಕ ಕೊಡುವುದೇ ತಪ್ಪೆನ್ನುವವರೂ ಇದ್ದಾರೆ. ಲೇಖಕಿಯ ಅಜ್ಜಿ ಕೊಟ್ಟಿಗೆಗೆ ಕಾಲಿಟ್ಟೊಡನೆ, ಹಿಂಡಿ ಮೂಸಿ ಬಿಟ್ಟದ್ದನ್ನೋ ಕಿವಿ ಜೋತದ್ದನ್ನೋ ಕಂಡು, ಯಾವ ಹಸುವಿಗೆ ಇವತ್ತು ಸುಖವಿಲ್ಲವೆಂದು ಹೇಳುತ್ತಿದ್ದರು. ದಿನವೂ ಕೈಯಾರೆ ಸಾಕುವವರ ಕಣ್ಣನ್ನು ತಳ್ಳಿಹಾಕುವುದು ಸುಲಭವಲ್ಲ.

ವಾದ ತೊಡಕಾಗುವುದೂ ಇಲ್ಲೇ. ಅದೇ ಅಧ್ಯಯನದಲ್ಲಿ, ಹೆಚ್ಚು ಬೆರೆಯುವ ಪ್ರಾಣಿಗಳ ಕೂದಲಲ್ಲಿ ಕಾರ್ಟಿಸಾಲ್ ಕೂಡ ಹೆಚ್ಚಿತ್ತು. ಪರೀಕ್ಷಿಸಿದ ಮೂರರಲ್ಲೊಂದಾದ ಓಪಿಆರ್‌ಎಂ1 ಜೀನ್‌ನ ಒಂದು ರೂಪ ಹೊತ್ತವುಗಳಲ್ಲಿ ಕಳವಳ ಕಡಿಮೆ, ಕಾರ್ಟಿಸಾಲ್ ಹೆಚ್ಚು. ಕಾರ್ಟಿಸಾಲ್ ಬರೀ ಸಂಕಟದ ಗುರುತಲ್ಲ, ದೇಹಕ್ಕೆ ಶಕ್ತಿ ಒದಗಿಸುವ ಹಾರ್ಮೋನೂ ಹೌದು. ಬೆರೆತು ಬಾಳಲು ಶಕ್ತಿ ಬೇಕಾಗಬಹುದು. ಸಿಬ್ಬಂದಿಯ ಕಣ್ಣಿಗೆ ಕಾಣದ ದಣಿವನ್ನು ಕೂದಲು ಹಿಡಿದಿಟ್ಟಿರಲೂಬಹುದು. ಎರಡರಲ್ಲಿ ಯಾವುದು ಸರಿ ಎಂಬುದರ ಮೇಲೆ ಆ ಪ್ರಾಣಿಗೆ ದೊಡ್ಡ ಗೂಡು ಬೇಕೋ, ಜೊತೆಗಾರರು ಬೇಕೋ, ಒಂದಿಷ್ಟು ಏಕಾಂತ ಬೇಕೋ ಎಂಬುದು ನಿಂತಿದೆ. ಜೀನ್‌ನ ಮಾತು ಕೇಳಿ ಕೈಕಟ್ಟಿ ಕೂರುವುದು ಸಲ್ಲದು ಎನ್ನುವ ಈ ಲೇಖಕಿಗೂ, ಆ ಮೂರರಲ್ಲಿ ಮೊದಲು ಯಾವುದಕ್ಕೆ ಕೈಹಾಕಬೇಕೆಂದು ಈ ಫಲಿತಾಂಶಗಳಿಂದ ಹೊಳೆಯುತ್ತಿಲ್ಲ.