ನಿಮ್ಮಿಷ್ಟ ಎಂಬ ಊರು

ಗಂಡ ಹೆಂಡಿರ ನಡುವೆ ಕನ್ನಡದಲ್ಲಿ ಅತಿ ಹೆಚ್ಚು ಬಳಕೆಯಾಗುವ ಮಾತುಗಳನ್ನು ಯಾರಾದರೂ ಪಟ್ಟಿ ಮಾಡಿದರೆ ‘ನಿಮ್ಮಿಷ್ಟ’ ಎಂಬುದು ಮೊದಲ ಐದರಲ್ಲಿ ಇದ್ದೇ ಇರುತ್ತದೆ ಎಂದು ನನ್ನ ಅಂದಾಜು. ರಾತ್ರಿಗೆ ಏನು ಮಾಡಲಿ? ನಿನ್ನಿಷ್ಟ. ಭಾನುವಾರ ಎಲ್ಲಿಗೆ ಹೋಗೋಣ? ನಿಮ್ಮಿಷ್ಟ. ಹೇಳುವ ರಾಗಕ್ಕೆ ತಕ್ಕಂತೆ ಅದರ ಅರ್ಥವೂ ಬದಲಾಗುತ್ತದೆ. ಮೆಲ್ಲಗೆ ಹೇಳಿದರೆ ಒಪ್ಪಿಗೆ, ಥಟ್ಟನೆ ಹೇಳಿದರೆ ಬೇಸರ, ಕೊನೆಯ ಅಕ್ಷರವನ್ನು ಒತ್ತಿ ಹೇಳಿದರೆ ಎಚ್ಚರಿಕೆ. ದಿನನಿತ್ಯದ ವ್ಯವಹಾರದಲ್ಲಿ ಈ ಮಾತು ಸಂಸಾರದ ಗಾಲಿಗೆ ಹಾಕಿದ ಎಣ್ಣೆಯಂತೆ ಕೆಲಸ ಮಾಡುತ್ತದೆ. ಆದರೆ ದೊಡ್ಡದೇನನ್ನಾದರೂ ಇಬ್ಬರೂ ಸೇರಿ ನಿರ್ಧರಿಸಬೇಕಾಗಿ ಬಂದಾಗ ಇದೇ ಮಾತು ಒಂದು ನೈತಿಕ ಪ್ರಶ್ನೆಯನ್ನು ಎದುರಿಗಿಡುತ್ತದೆ. ನನ್ನ ಆಸೆಯನ್ನು ಹೇಳದೆ ಉಳಿಯುವುದು ತ್ಯಾಗವೋ, ಜವಾಬ್ದಾರಿಯಿಂದ ನುಣುಚಿಕೊಳ್ಳುವುದೋ?

ಬರುವ ಮೇ ತಿಂಗಳಿಗೆ ನಮ್ಮ ಮದುವೆಗೆ 25 ವರ್ಷ ತುಂಬುತ್ತದೆ. ಆ ನೆಪದಲ್ಲಿ 12 ದಿನ ಯುರೋಪಿಗೆ ಹೋಗಿ ಬರುವುದೆಂದು ತೀರ್ಮಾನವಾಗಿದೆ. ಮಗಳು ಕೆಲಸಕ್ಕೆ ಸೇರಿದ್ದಾಳೆ, ಮನೆಸಾಲ ತೀರಿದೆ, ನನ್ನವರ ಮಂಡಿ ಇನ್ನೂ ಮೆಟ್ಟಿಲು ಹತ್ತುತ್ತದೆ. ಈ ಮೂರೂ ಒಟ್ಟಿಗೆ ಕೂಡಿಬರುವ ಕಾಲ ಬಹಳ ದಿನ ಇರುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಎರಡನೆಯ ಸಲ ಹೋಗುವಷ್ಟು ಹಣವೂ ನಮ್ಮಲ್ಲಿಲ್ಲ. ಹೀಗಿರುವಾಗ ಯಾವ ಊರುಗಳಿಗೆ ಹೋಗಬೇಕೆಂಬುದು ಸಣ್ಣ ಪ್ರಶ್ನೆಯಲ್ಲ.

ಮೊದಲು ಸಿದ್ಧವಾದ ಪಟ್ಟಿಯಲ್ಲಿ ಆರು ಊರುಗಳಿದ್ದವು: ಪ್ಯಾರಿಸ್, ಆಮ್‌ಸ್ಟರ್‌ಡ್ಯಾಂ, ಪ್ರಾಗ್, ವಿಯೆನ್ನಾ, ವೆನಿಸ್, ರೋಮ್. ಆರು ಊರೆಂದರೆ ಐದು ಸಲ ಊರು ಬದಲಿಸಬೇಕು. ಪ್ರತಿ ಸಲವೂ ಪೆಟ್ಟಿಗೆ ಕಟ್ಟಿ, ಕೋಣೆ ಖಾಲಿ ಮಾಡಿ, ರೈಲು ಹಿಡಿದು, ಹೊಸ ಊರಿನಲ್ಲಿ ಕೋಣೆ ಸಿಗುವ ಹೊತ್ತಿಗೆ ಕಡಿಮೆಯೆಂದರೂ ಅರ್ಧ ದಿನ ಹೋಗುತ್ತದೆ. ಹೋಗಿಬರುವ ವಿಮಾನಗಳ ಎರಡು ದಿನವನ್ನೂ ಕಳೆದರೆ ಹನ್ನೆರಡರಲ್ಲಿ ಉಳಿಯುವುದು ಏಳೂವರೆ ದಿನ, ಅಂದರೆ ಒಂದೂರಿಗೆ ಒಂದೂಕಾಲು ದಿನ. ಈ ಲೆಕ್ಕಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇರೊಂದು ವಿಷಯ. ಈ ಪಟ್ಟಿ ಯಾರದು? ಪ್ಯಾರಿಸ್ ಬೇಕೆಂದು ಅವರು ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮದುವೆಯ ದಿನವನ್ನು ಆಚರಿಸಲು ಹೊರಟವರಿಗೆ ಪ್ಯಾರಿಸ್ ಬೇಕೇ ಬೇಕು ಎಂದು ಲೋಕ ಹೇಳಿತ್ತು, ನಾವು ಬರೆದುಕೊಂಡಿದ್ದೆವು.

ಲೋಕದ ಆಸೆಗೆ ತೂಕವಿದೆ, ಅಕ್ಷರಶಃ ತೂಕ. ಪ್ಯಾರಿಸ್ಸಿನ ಸೀನ್ ನದಿಯ ಮೇಲಿನ ಪೋಂ ದೇಜಾರ್ ಎಂಬ ಕಾಲುಸೇತುವೆಗೆ ಪ್ರೇಮಿಗಳು ತಮ್ಮ ಹೆಸರು ಬರೆದ ಬೀಗ ಹಾಕಿ ಕೀಲಿಯನ್ನು ನೀರಿಗೆಸೆಯುತ್ತಿದ್ದರು. 2014ರಲ್ಲಿ ಆ ಭಾರಕ್ಕೆ ಸೇತುವೆಯ ಕಟಕಟೆಯ ಒಂದು ಭಾಗ ಕಳಚಿಬಿತ್ತು. ಮರುವರ್ಷ ನಗರಾಡಳಿತ ಬೀಗಗಳನ್ನು ತೆಗೆಸಿದಾಗ ಅವುಗಳ ತೂಕ ಸುಮಾರು 45 ಟನ್. ಅಲ್ಲಿ ಬೀಗ ಹಾಕಿದ ಒಬ್ಬೊಬ್ಬರೂ ಪ್ರಾಮಾಣಿಕರೇ ಇರಬಹುದು. ಆದರೆ ಎಷ್ಟು ಜೋಡಿಗಳಲ್ಲಿ ಇಬ್ಬರಿಗೂ ಅದು ಬೇಕಿತ್ತು, ಎಷ್ಟರಲ್ಲಿ ಒಬ್ಬರು ಇನ್ನೊಬ್ಬರಿಗೆ ಬೇಕಿರಬಹುದೆಂದು ಊಹಿಸಿ ಬೀಗ ಕೊಂಡರು ಎಂಬುದನ್ನು ಆ ತಕ್ಕಡಿ ಹೇಳಲಾರದು.

ಈ ಊಹೆಯ ಆಟಕ್ಕೆ ಒಂದು ಪ್ರಸಿದ್ಧ ಹೆಸರಿದೆ. 1974ರಲ್ಲಿ ಅಮೆರಿಕದ ಜೆರ್ರಿ ಹಾರ್ವೆ ಎಂಬ ವಿದ್ವಾಂಸ ತನ್ನದೇ ಕುಟುಂಬದ ಒಂದು ಪ್ರಯಾಣದ ಕಥೆ ಬರೆದ. ಟೆಕ್ಸಾಸ್‌ನ ಕೋಲ್ಮನ್ ಎಂಬ ಊರು, ಸುಡುಬಿಸಿಲಿನ ಮಧ್ಯಾಹ್ನ. ಮನೆಯವರೆಲ್ಲ ಜಗಲಿಯಲ್ಲಿ ಆರಾಮಾಗಿ ಆಟವಾಡುತ್ತಿರುವಾಗ ಮಾವ, ಅಬಿಲೀನ್‌ಗೆ ಹೋಗಿ ಊಟ ಮಾಡಿ ಬರೋಣವೇ ಎಂದು ಕೇಳುತ್ತಾನೆ. ಹೆಂಡತಿ ಒಳ್ಳೆಯ ಯೋಚನೆ ಎನ್ನುತ್ತಾಳೆ, ಅಳಿಯ ತಲೆಯಾಡಿಸುತ್ತಾನೆ, ಅತ್ತೆಯೂ ಹೊರಡುತ್ತಾಳೆ. ಧೂಳಿನಲ್ಲಿ 53 ಮೈಲಿ ಹೋಗಿ, ಕೆಟ್ಟ ಊಟ ಮಾಡಿ, ಬೆವರಿಳಿಸಿಕೊಂಡು ಹಿಂತಿರುಗಿದ ಮೇಲೆ ಗೊತ್ತಾಗುತ್ತದೆ, ಅವರಲ್ಲಿ ಒಬ್ಬರಿಗೂ ಹೋಗುವ ಮನಸ್ಸಿರಲಿಲ್ಲ. ಉಳಿದವರಿಗೆ ಬೇಜಾರಾಗಿರಬಹುದು ಎಂದುಕೊಂಡು ಮಾವ ಕೇಳಿದ್ದ. ಮಾವನ ಮನಸ್ಸು ನೋಯಬಾರದೆಂದು ಉಳಿದವರು ಒಪ್ಪಿದ್ದರು. ಪ್ರತಿಯೊಬ್ಬರ ಒಳ್ಳೆಯತನವೂ ಸೇರಿ ಯಾರಿಗೂ ಬೇಡದ ಊರಿಗೆ ಕರೆದೊಯ್ದಿತು. ಕನ್ನಡದಲ್ಲಿ ಆ ಊರಿನ ಹೆಸರು ‘ನಿಮ್ಮಿಷ್ಟ’ ಎಂದೇ ಇರಬೇಕು.

ಹಾಗಾದರೆ ನ್ಯಾಯವಾದ ದಾರಿ ಯಾವುದು? ಸಮಪಾಲು ಮಾಡಿಕೊಳ್ಳುವುದು ಎಂಬ ಉತ್ತರ ಬೇಗ ಹೊಳೆಯುತ್ತದೆ. ಆರು ದಿನ ನಿಮಗೆ, ಆರು ದಿನ ನನಗೆ. ಶೆಂಗೆನ್ ವೀಸಾದ ನಿಯಮಕ್ಕೂ ಇಂಥದೇ ಲೆಕ್ಕ ಪ್ರಿಯ. ಹಲವು ದೇಶಗಳಿಗೆ ಹೋಗುವವರು ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಇಬ್ಬರೂ ಒಟ್ಟಿಗೆ ಹೋದರೂ ಅರ್ಜಿ ಬೇರೆ ಬೇರೆ, 30,000 ಯೂರೋಗೆ ಕಡಿಮೆಯಿಲ್ಲದ ಆರೋಗ್ಯ ವಿಮೆಯೂ ಒಬ್ಬೊಬ್ಬರಿಗೂ ಬೇರೆ. ಪ್ರಭುತ್ವ ದಿನಗಳನ್ನು ಎಣಿಸಬಹುದು, ಅದು ಅದರ ಕೆಲಸ. ದಾಂಪತ್ಯದಲ್ಲಿ ಎಣಿಕೆ ಅಷ್ಟು ಸುಲಭವಲ್ಲ. ನನ್ನ ಆರು ದಿನಗಳಲ್ಲಿ ಅವರು ಗಡಿಯಾರ ನೋಡುತ್ತಾ ಕುಳಿತರೆ ಆ ಆರು ದಿನ ನನ್ನದಾಗುವುದಿಲ್ಲ. ಜೊತೆಗಿರುವವರ ಮುಖ ನೋಡುತ್ತಲೇ ನಾವು ಊರನ್ನೂ ನೋಡುವುದು.

ಇಲ್ಲಿ ನನಗೆ ನೆರವಾದವನು, ಮದುವೆಯೇ ಆಗದ, ತನ್ನ ಊರು ಕ್ಯೋನಿಗ್ಸ್‌ಬರ್ಗ್‌ನ ಆಸುಪಾಸನ್ನು ಬಿಟ್ಟು ಹೋಗದೆಯೇ ವರ್ಷಗಟ್ಟಲೆ ಭೂಗೋಳ ಪಾಠ ಮಾಡಿದ ಇಮ್ಯಾನುಯಲ್ ಕಾಂಟ್. 1797ರಲ್ಲಿ ಪ್ರಕಟವಾದ ನೀತಿಶಾಸ್ತ್ರದ ಗ್ರಂಥದಲ್ಲಿ ಅವನು ಪರೋಪಕಾರದ ಬಗ್ಗೆ ಒಂದು ಕಟ್ಟುನಿಟ್ಟಾದ ಮಾತು ಹೇಳುತ್ತಾನೆ. ಇನ್ನೊಬ್ಬರಿಗೆ ಒಳಿತು ಮಾಡುವಾಗ ಸುಖದ ಬಗೆಗಿನ ನನ್ನ ಕಲ್ಪನೆ ಲೆಕ್ಕಕ್ಕೆ ಬರುವುದಿಲ್ಲ, ಅವರ ಕಲ್ಪನೆಯಂತೆಯೇ ಒಳಿತು ಮಾಡಬೇಕು. ಚಿಕ್ಕ ಮಕ್ಕಳು ಮತ್ತು ಬುದ್ಧಿ ಸ್ವಾಧೀನದಲ್ಲಿಲ್ಲದವರು ಮಾತ್ರ ಇದಕ್ಕೆ ಹೊರತು. ಹೆಂಡತಿಯನ್ನು ಬೆರಗುಗೊಳಿಸಲೆಂದು ಗುಟ್ಟಾಗಿ ಟಿಕೆಟ್ ಕಾಯ್ದಿರಿಸುವ ಗಂಡಂದಿರು ಈ ಹೊರತಿನ ಪಟ್ಟಿಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಕಾಂಟ್‌ನ ಮಾತಿಗೆ ಇನ್ನೊಂದು ಮುಖವಿದೆ. ಅವರ ಕಲ್ಪನೆಯಂತೆ ನಾನು ಒಳಿತು ಮಾಡಬೇಕಾದರೆ ಆ ಕಲ್ಪನೆ ನನಗೆ ತಿಳಿದಿರಬೇಕು. ಅದನ್ನು ಮುಚ್ಚಿಟ್ಟುಕೊಂಡವರು ನನ್ನಿಂದ ಒಳಿತು ಮಾಡುವ ದಾರಿಯನ್ನೇ ಕಿತ್ತುಕೊಂಡಂತೆ. ನಾನು ಊಹಿಸಬೇಕು, ಊಹೆ ತಪ್ಪಿದರೆ ಹೊಣೆ ನನ್ನದು. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಸ್ಥಿತಿಯಲ್ಲಿ ‘ನಿಮ್ಮಿಷ್ಟ’ ಎಂದವರು, ಪ್ರವಾಸ ಚೆನ್ನಾಗಿ ಆಗದಿದ್ದರೆ ‘ನಾನೇನೂ ಕೇಳಿರಲಿಲ್ಲವಲ್ಲ’ ಎಂದು ಪಾರಾಗಬಹುದು. ದೇವರ ಮುಂದೆ ನಿಂತು ಇಷ್ಟಾರ್ಥ ನೆರವೇರಲಿ ಎಂದು ಬೇಡಿಕೊಳ್ಳಲು ನಮಗೆ ಸಂಕೋಚವಿಲ್ಲ. ಪಕ್ಕದಲ್ಲಿ ಮಲಗುವವರ ಮುಂದೆ ಇಷ್ಟವೊಂದನ್ನು ಹೇಳಲು ಎಷ್ಟೊಂದು ಸಂಕೋಚ!

ಆದರೂ ‘ನಿಮ್ಮಿಷ್ಟ’ ಎಂದವರನ್ನೆಲ್ಲ ಒಂದೇ ಕಟಕಟೆಯಲ್ಲಿ ನಿಲ್ಲಿಸಲಾಗದು. ಆ ಮಾತಿನಲ್ಲೇ ಎರಡು ಸರ್ವನಾಮಗಳಿವೆ. ಅವರು ನನಗೆ ‘ನಿನ್ನಿಷ್ಟ’ ಎನ್ನುತ್ತಾರೆ, ನಾನು ಅವರಿಗೆ ‘ನಿಮ್ಮಿಷ್ಟ’ ಎನ್ನುತ್ತೇನೆ. ನನ್ನ ಅಮ್ಮನ ಕಾಲದಲ್ಲಿ ಮೊದಲನೆಯದು ಕೊಡುಗೆ, ಎರಡನೆಯದು ಕಾನೂನು. ಅಪ್ಪ ವರ್ಷಕ್ಕೊಮ್ಮೆ ಅಮ್ಮನನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಪ್ರತಿ ಸಲವೂ ಕೇಳುತ್ತಿದ್ದರು, ಪ್ರತಿ ಸಲವೂ ಅಮ್ಮ ನಿಮ್ಮಿಷ್ಟ ಎನ್ನುತ್ತಿದ್ದಳು. ಅಪ್ಪ ತೀರಿಕೊಂಡು ಕೆಲವು ವರ್ಷಗಳ ಮೇಲೆ ಒಂದು ದಿನ ಕಾಳು ಆರಿಸುತ್ತಾ, ತನಗೆ ಸಮುದ್ರ ನೋಡಬೇಕೆಂದಿತ್ತು ಎಂದಳು. ಧರ್ಮಸ್ಥಳದಿಂದ ಕಡಲಿಗೆ ಎರಡು ಗಂಟೆಯ ದಾರಿ. ಅಪ್ಪ ಕಠಿಣ ಮನುಷ್ಯರಲ್ಲ, ತಿಳಿದಿದ್ದರೆ ಖಂಡಿತ ಕರೆದುಕೊಂಡು ಹೋಗುತ್ತಿದ್ದರು. ಅವರು ಕೇಳಿದ್ದರು, ನಿಜ. ಉತ್ತರ ಹೇಳಿದರೆ ನಡೆಯುತ್ತದೆ ಎಂಬ ನಂಬಿಕೆ ಹುಟ್ಟುವಂತೆ ಕೇಳಿರಲಿಲ್ಲ. ಅಮ್ಮನ ಮೌನವನ್ನು ನುಣುಚಿಕೊಳ್ಳುವಿಕೆ ಎಂದು ಕರೆಯಲು ನನ್ನಿಂದಾಗದು. ಇಷ್ಟವನ್ನು ಹೇಳುವ ಕರ್ತವ್ಯ ಇಬ್ಬರದೂ ಹೌದು, ಆದರೆ ಹೇಳಿದರೆ ನಷ್ಟವಿಲ್ಲ ಎಂಬ ವಾತಾವರಣವನ್ನು ಕಟ್ಟುವ ಕರ್ತವ್ಯ ಹೆಚ್ಚು ಬಲವುಳ್ಳವರದು. ನಮ್ಮ ಮನೆಯಲ್ಲಿ ಈಗ ನನಗೂ ಸಂಬಳವಿದೆ, ದನಿಯಿದೆ. ಅಮ್ಮನ ವಿನಾಯಿತಿಯನ್ನು ನಾನು ಕೇಳುವಂತಿಲ್ಲ.

ಎಲ್ಲಿಗೆ ಹೋಗೋಣ ಎಂಬ ಪ್ರಶ್ನೆಗೆ ನಿಮ್ಮಿಷ್ಟ ಎನ್ನುವುದು ಸುಲಭ. ಹಾಗಾಗಿ ಪ್ರಶ್ನೆಯನ್ನೇ ಬದಲಿಸಿಕೊಂಡೆವು: ಯಾವುದನ್ನು ನೋಡದೆ ಬಂದರೆ ನಿಜವಾಗಿ ಬೇಸರವಾಗುತ್ತದೆ? ಒಬ್ಬೊಬ್ಬರು ಒಂದೊಂದೇ ಹೇಳಬೇಕು. ಅವರು ಎರಡು ದಿನ ತೆಗೆದುಕೊಂಡರು. ಅವರ ಉತ್ತರ ಊರಲ್ಲ, ರೈಲುದಾರಿ. ಆಸ್ಟ್ರಿಯಾದ ಸೆಮ್ಮರಿಂಗ್ ಬೆಟ್ಟಗಳಲ್ಲಿ 1854ರಲ್ಲಿ ಮುಗಿದ 41 ಕಿಲೋಮೀಟರ್ ಹಳಿ, ಎರಡಂತಸ್ತಿನ ಕಲ್ಲುಸೇತುವೆಗಳೂ ಸೇರಿ 16 ಸೇತುವೆಗಳು, 1998ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ವಿಯೆನ್ನಾದಿಂದ ದಕ್ಷಿಣಕ್ಕೆ ಹೋಗುವ ರೈಲು ಈ ಬೆಟ್ಟವನ್ನೇ ಹತ್ತಿಳಿಯುತ್ತದೆ. ಕೆಳಗೆ 27 ಕಿಲೋಮೀಟರ್ ಉದ್ದದ ಸುರಂಗದ ಕೆಲಸ ನಡೆದಿದೆ, ಅದು ತೆರೆದ ಮೇಲೆ ವೇಗದ ರೈಲುಗಳು ಕತ್ತಲಲ್ಲೇ ಬೆಟ್ಟ ದಾಟುತ್ತವೆ. ಅರಸೀಕೆರೆ ಜಂಕ್ಷನ್ನಿನ ಪಕ್ಕದಲ್ಲಿ ಬೆಳೆದು, ಹೋಗುವ ಬರುವ ರೈಲುಗಳನ್ನು ಎಣಿಸುತ್ತಿದ್ದ ಹುಡುಗ ಇವರೊಳಗೆ ಇನ್ನೂ ಇದ್ದಾನೆ ಎಂಬುದು 25 ವರ್ಷದ ಮೇಲೆ ನನಗೆ ಸಿಕ್ಕ ಸುದ್ದಿ.

ನನ್ನದು ಒಂದು ಚಿತ್ರ. ಆಮ್‌ಸ್ಟರ್‌ಡ್ಯಾಂನ ರೈಕ್ಸ್‌ಮ್ಯೂಸಿಯಂನಲ್ಲಿರುವ, ‘ಯಹೂದಿ ವಧು’ ಎಂದು ಕರೆಯಲಾಗುವ ರೆಂಬ್ರಾಂಟ್‌ನ ಚಿತ್ರ. ಗಂಡು ಹೆಣ್ಣಿನ ಎದೆಯ ಮೇಲೆ ಕೈಯಿಟ್ಟಿದ್ದಾನೆ, ಅವಳ ಬೆರಳುಗಳು ಅವನ ಕೈಯನ್ನು ಮುಟ್ಟಿವೆ. ಅವರು ಒಬ್ಬರನ್ನೊಬ್ಬರು ನೋಡುತ್ತಿಲ್ಲ. 1885ರಲ್ಲಿ ವ್ಯಾನ್ ಗೋ ಇದರ ಮುಂದೆ ಕುಳಿತವನು ಏಳಲೊಲ್ಲದೆ, ಒಣಬ್ರೆಡ್ಡಿನ ಚೂರು ತಿಂದುಕೊಂಡು ಇಲ್ಲಿ 14 ದಿನ ಕೂರಲು ಬಿಟ್ಟರೆ ಆಯಸ್ಸಿನ ಹತ್ತು ವರ್ಷ ಕೊಟ್ಟೇನು ಎಂದು ಗೆಳೆಯನಿಗೆ ಹೇಳಿದನಂತೆ. ಒಂದು ಚಿತ್ರಕ್ಕೆ 14 ದಿನ! ನಮ್ಮ ಮೊದಲ ಪಟ್ಟಿಯಲ್ಲಿ ಇಡೀ ಆಮ್‌ಸ್ಟರ್‌ಡ್ಯಾಂಗೆ ಸಿಕ್ಕಿದ್ದು ಒಂದೂಕಾಲು ದಿನ.

ಈಗಿನ ಪಟ್ಟಿಯಲ್ಲಿ ಮೂರೇ ಊರುಗಳಿವೆ. ಆಮ್‌ಸ್ಟರ್‌ಡ್ಯಾಂ, ವಿಯೆನ್ನಾ, ಬೆಟ್ಟದ ದಾರಿ ಹಿಡಿದು ಹೋದರೆ ಕೊನೆಗೆ ಸಿಗುವ ವೆನಿಸ್. ಪ್ಯಾರಿಸ್ ಹೋಯಿತು, ರೋಮ್ ಹೋಯಿತು, ಪ್ರಾಗ್ ಹೋಯಿತು. ರೋಮ್ ಬಿಟ್ಟದ್ದಕ್ಕೆ ಅವರಿಗೆ ನಿಜವಾಗಿಯೂ ಬೇಸರವಿದೆ. ಹಾಗೆಂದು ಬಾಯಿಬಿಟ್ಟು ಹೇಳಿ, ಆಮೇಲೆ ಬಿಟ್ಟುಕೊಟ್ಟರು. ನನ್ನ ಪ್ರಶ್ನೆಗೆ ಉತ್ತರ ಇಲ್ಲೆಲ್ಲೋ ಇದೆ ಎನ್ನಿಸುತ್ತದೆ. ಏನನ್ನು ಬಿಡುತ್ತಿದ್ದೇವೆಂದು ಎದುರಿನವರಿಗೆ ತಿಳಿದಿದ್ದರೆ ಮಾತ್ರ ಅವರು ಅದನ್ನು ಕೊಡುಗೆಯೆಂದು ಸ್ವೀಕರಿಸಬಹುದು, ಬೇಡವೆಂದು ತಡೆಯಲೂಬಹುದು. ತಿಳಿಯದೆ ಪಡೆದ ತ್ಯಾಗ ಎಂದೋ ಒಂದು ದಿನ ಬಡ್ಡಿ ಸಮೇತ ವಸೂಲಿಗೆ ಬರುತ್ತದೆ, ಅಥವಾ ಕಾಳು ಆರಿಸುವಾಗ ಒಂದು ಮಾತಾಗಿ ಉದುರುತ್ತದೆ.

ಸೆಮ್ಮರಿಂಗ್‌ನ ಸೇತುವೆಗಳನ್ನು ಎಣಿಸುತ್ತಾ ನಾನು ತೂಕಡಿಸಬಹುದು. ಒಂದೇ ಚಿತ್ರದ ಮುಂದೆ ಒಂದು ಬೆಳಗ್ಗೆ ಪೂರ್ತಿ ಕಳೆಯುತ್ತೇನೆಂದರೆ ಅವರು ಬೆಂಚು ಹುಡುಕಬಹುದು. ಹುಡುಕಲಿ, ಅವರ ಮಂಡಿಗೂ ಒಳ್ಳೆಯದು. ವೆನಿಸ್ಸಿನ ದಿನಗಳಿಗೆ ಇನ್ನೂ ಏನನ್ನೂ ಬರೆದಿಲ್ಲ. ಅಲ್ಲಿ ಏನು ಮಾಡೋಣ ಎಂದು ನಿನ್ನೆ ಕೇಳಿದರು. ನಿಮ್ಮಿಷ್ಟ ಎನ್ನಲು ಬಾಯಿ ತೆರೆದವಳು, ಒಂದು ಗಳಿಗೆ ಯೋಚಿಸಲು ಸಮಯ ಬೇಕು ಎಂದೆ.